ಕ್ರೋನ್ಸ್ ಕಾಯಿಲೆ: ರಕ್ತಪರೀಕ್ಷೆಯ ವರದಿಗಳನ್ನು ಜೋಡಿಸಿ ಓದುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಗುಬ್ಬಿ ಕಡೆಯ ತಾಯಿಯೊಬ್ಬರು, ತುಮಕೂರಿನಲ್ಲಿ ನಾನು ಕೆಲಸ ಮಾಡುವ ರಕ್ತಪರೀಕ್ಷಾ ಕೇಂದ್ರಕ್ಕೆ ಬಂದು, ಕರುಳಿನಲ್ಲಿ ದೀರ್ಘಕಾಲದ ಉರಿಯೂತ ಉಂಟುಮಾಡುವ ಕ್ರೋನ್ಸ್ ಕಾಯಿಲೆ ಇರುವ ಮಗನ ಎರಡು ವರದಿಗಳನ್ನು ಮೇಜಿನ ಮೇಲೆ ಹರಡಿ ಕಣ್ಣೀರು ಹಾಕಿದರು. ಬೆಂಗಳೂರಿನಲ್ಲಿ ಮಾಡಿಸಿದ ವರದಿಯಲ್ಲಿ ಸಿಆರ್‌ಪಿ (ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) 0.8 ಎಂದಿತ್ತು; ನಮ್ಮದರಲ್ಲಿ 8. "ಹತ್ತು ಪಟ್ಟು ಏರಿದೆಯಲ್ಲ ಸಾರ್, ಇಂಜೆಕ್ಷನ್ನಿಗೆ ಸುರಿದ ದುಡ್ಡೆಲ್ಲ ನೀರಿಗೆ ಹೋಯಿತೇ?" ಎಂಬುದು ಅವರ ಪ್ರಶ್ನೆ. ವಾಸ್ತವದಲ್ಲಿ ಏನೂ ಏರಿರಲಿಲ್ಲ. ಇಂತಹ ಗಾಬರಿಯನ್ನು ಹಲವು ಬಾರಿ ಕಂಡಿರುವುದರಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಗೆರೆ ಹಾಕಿದ ಒಂದು ನೋಟ್‌ಬುಕ್ ತೆಗೆದುಕೊಂಡು, ಪ್ರತಿ ಪರೀಕ್ಷೆಗೂ ಒಂದು ಸಾಲನ್ನು ಮೀಸಲಿಡಿ.

ಎರಡನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಸಂಖ್ಯೆಯನ್ನು ಬರೆಯುವ ಮೊದಲು ಅದರ ಪಕ್ಕದಲ್ಲಿರುವ ಅಳತೆಯ ಮಾನವನ್ನು ಓದಿ. ಕೆಲವು ಪ್ರಯೋಗಾಲಯಗಳು ಸಿಆರ್‌ಪಿಯನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟರೆ, ಕೆಲವು ಡೆಸಿಲೀಟರಿಗೆ (ಲೀಟರಿನ ಹತ್ತನೆಯ ಒಂದು ಭಾಗಕ್ಕೆ) ಇಷ್ಟು ಎಂದು ಕೊಡುತ್ತವೆ. ಡೆಸಿಲೀಟರಿನ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಲೀಟರಿನ ಸಂಖ್ಯೆ ಸಿಗುತ್ತದೆ. ಆ ತಾಯಿಯ ಕೈಯಲ್ಲಿದ್ದ 0.8 ಮತ್ತು 8 ಎರಡೂ ಒಂದೇ ಆಗಿದ್ದವು. ಎಲ್ಲವನ್ನೂ ಲೀಟರಿನ ಲೆಕ್ಕಕ್ಕೆ ತಂದುಕೊಂಡು, ವರದಿಯಲ್ಲಿ ಮುದ್ರಿಸಿರುವ ಸಾಮಾನ್ಯ ಮಿತಿಯನ್ನೂ ಪಕ್ಕದಲ್ಲೇ ಬರೆಯಿರಿ. ಅನೇಕ ಕಡೆ ಈ ಮಿತಿ 5 ಮಿಲಿಗ್ರಾಂ ಇರುತ್ತದೆ, ಕೆಲವೆಡೆ 10. ಪೂರ್ಣ ದೇಹ ತಪಾಸಣೆಯ ಪ್ಯಾಕೇಜ್‌ಗಳಲ್ಲಿ ಬರುವ 'ಹೈ ಸೆನ್ಸಿಟಿವಿಟಿ ಸಿಆರ್‌ಪಿ'ಯನ್ನು ಈ ಸಾಲಿಗೆ ಸೇರಿಸಲೇಬೇಡಿ. ಅಳೆಯುವುದು ಅದೇ ಪ್ರೋಟೀನನ್ನಾದರೂ ಅದು ಹೃದಯದ ಅಪಾಯವನ್ನು ಅಂದಾಜಿಸುವ ಪರೀಕ್ಷೆಯಾದ್ದರಿಂದ, 3 ದಾಟಿದರೇ ಹೆಚ್ಚು ಎಂದು ನಮೂದಾಗಿ ಅನಗತ್ಯ ಭಯ ಹುಟ್ಟಿಸುತ್ತದೆ. ಅಂತಹ ಪ್ಯಾಕೇಜ್‌ಗಳಿಗೆ ಹಣ ಕೊಡುವ ಬದಲು ವೈದ್ಯರು ಚೀಟಿಯಲ್ಲಿ ಬರೆದುದನ್ನಷ್ಟೇ, ಪ್ರತಿ ಸಲವೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಸಿಆರ್‌ಪಿಗಾಗಲಿ, ಉರಿಯೂತವನ್ನು ಸೂಚಿಸುವ ಇನ್ನೊಂದು ರಕ್ತಪರೀಕ್ಷೆಯಾದ ಇಎಸ್‌ಆರ್‌ಗಾಗಲಿ ಖಾಲಿ ಹೊಟ್ಟೆ ಬೇಕಿಲ್ಲ. ಕಾಯಿಲೆಯಿಂದ ಬಳಲಿದವರನ್ನು ಉಪವಾಸ ಕರೆತರಬೇಡಿ.

ಮೂರನೆಯದಾಗಿ, ಆ ವಾರದ ಪರಿಸ್ಥಿತಿಯನ್ನು ಬರೆಯಿರಿ. ಸಿಆರ್‌ಪಿ ಕರುಳಿನಲ್ಲಿ ಅಲ್ಲ, ಯಕೃತ್ತಿನಲ್ಲಿ ತಯಾರಾಗುತ್ತದೆ. ಚಿಕೂನ್‌ಗುನ್ಯ ಬಂದರೂ, ಹಲ್ಲಿನ ಬುಡ ಕೀವಾದರೂ ಅದು ಏರುತ್ತದೆ. ಉರಿಯೂತ ತಗ್ಗಿದಾಗ ಅದರ ಪ್ರಮಾಣ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಔಷಧ ಹಿಡಿಯುತ್ತಿದೆಯೇ ಎಂಬುದನ್ನು ಬೇಗ ತೋರಿಸುತ್ತದೆ. ಇಎಸ್‌ಆರ್ ನಿಧಾನವಾಗಿ ಇಳಿಯುತ್ತದೆ, ರಕ್ತಹೀನತೆ ಇದ್ದರೆ ಅದರಿಂದಲೂ ಏರುತ್ತದೆ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಆಲ್ಬುಮಿನ್ ಸಂಖ್ಯೆಗಳನ್ನೂ ಅದೇ ಸಾಲಿನಲ್ಲಿ ಸೇರಿಸಿ.

ಔಷಧದ ಹೆಸರು ಮತ್ತು ಪ್ರಮಾಣ ಪ್ರತಿ ಸಾಲಿನಲ್ಲೂ ಇರಬೇಕು. ಸ್ಟೀರಾಯ್ಡ್ ಆರಂಭಿಸಿದಾಗ ಇಳಿದ ಸಿಆರ್‌ಪಿ, ಮಾತ್ರೆಯ ಪ್ರಮಾಣ ತಗ್ಗಿಸುತ್ತ ಹೋದಂತೆ ಮತ್ತೆ ಏರಬಹುದು. ಪ್ರಮಾಣ ಬರೆದಿರದಿದ್ದರೆ ವೈದ್ಯರಿಗೆ ಆ ಏರಿಕೆಯ ಕಾರಣ ತಿಳಿಯುವುದಿಲ್ಲ. ಸಂಖ್ಯೆ ಸಾಮಾನ್ಯಕ್ಕೆ ಬಂದಿತೆಂದು ಮನೆಯಲ್ಲಿಯೇ ತೀರ್ಮಾನಿಸಿ ಔಷಧ ನಿಲ್ಲಿಸುವುದು ತೀರಾ ಅಪಾಯಕರ. 2021ರಲ್ಲಿ ಪ್ರಕಟವಾದ ಸ್ಟ್ರೈಡ್-2 ಎಂಬ ಅಂತರರಾಷ್ಟ್ರೀಯ ಶಿಫಾರಸು, ಸಿಆರ್‌ಪಿ ಸಾಮಾನ್ಯವಾಗುವುದನ್ನು ನಡುವಿನ ಗುರಿಯೆಂದೂ, ಕರುಳಿನ ಒಳಪದರ ಮಾಯುವುದನ್ನು ದೀರ್ಘಾವಧಿಯ ಗುರಿಯೆಂದೂ ಹೇಳುತ್ತದೆ.

ಚಿಕಿತ್ಸೆ ಆರಂಭಿಸುವ ಮೊದಲಿನ ವರದಿಯನ್ನು ಹುಡುಕಿ ಮೊದಲ ಸಾಲಿನಲ್ಲಿ ಬರೆಯಿರಿ. ಕಾಯಿಲೆ ಜೋರಾಗಿದ್ದಾಗ ಸಿಆರ್‌ಪಿ ಏರಿತ್ತೇ ಎಂಬುದು ಅದರಿಂದ ತಿಳಿಯುತ್ತದೆ. ಹೊಟ್ಟೆನೋವು, ಭೇದಿ ಜೋರಾಗಿದ್ದಾಗಲೂ ಸಿಆರ್‌ಪಿ ಏರದ ರೋಗಿಗಳಿದ್ದಾರೆ, ಅದರಲ್ಲಿಯೂ ಸಣ್ಣ ಕರುಳಿನ ಕೊನೆಯ ಭಾಗದಲ್ಲಷ್ಟೇ ಕಾಯಿಲೆ ಇರುವವರಲ್ಲಿ. ಅಂಥವರಿಗೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನಲ್ಲಿ ಉರಿಯೂತವಿದ್ದಾಗ ಮಲದಲ್ಲಿ ಹೆಚ್ಚುವ ಪ್ರೋಟೀನ್) ಪರೀಕ್ಷೆ ಹೆಚ್ಚು ಉಪಯುಕ್ತ. ಒಂದು ಗ್ರಾಂ ಮಲಕ್ಕೆ 250 ಮೈಕ್ರೋಗ್ರಾಂ ದಾಟಿದರೆ ಕರುಳಿನ ಉರಿಯೂತ ಸಕ್ರಿಯವಾಗಿರಬಹುದೆಂದು ವೈದ್ಯರು ಸಾಮಾನ್ಯವಾಗಿ ಶಂಕಿಸುತ್ತಾರೆ. ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ನುಂಗಿದ್ದರೆ ಕ್ಯಾಲ್‌ಪ್ರೊಟೆಕ್ಟಿನ್ ಕೂಡ ಏರಬಹುದಾದ್ದರಿಂದ ಆ ಮಾತ್ರೆಯನ್ನೂ ದಾಖಲಿಸಿ.

ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಪಡೆಯುವವರಿಗೆ ಮೊದಲ ಡೋಸಿನ ಬಳಿಕ 2 ಮತ್ತು 6ನೆಯ ವಾರಗಳಲ್ಲಿ, ಆಮೇಲೆ ಸಾಮಾನ್ಯವಾಗಿ 8 ವಾರಗಳಿಗೊಮ್ಮೆ ಡ್ರಿಪ್ ಹಾಕುತ್ತಾರೆ. ರಕ್ತದಲ್ಲಿ ಔಷಧದ ಮಟ್ಟ ನೋಡಬೇಕೆಂದು ವೈದ್ಯರು ಹೇಳಿದ್ದರೆ, ಡ್ರಿಪ್ ಹಾಕುವ ಮುಂಚೆಯೇ ರಕ್ತ ಕೊಡಬೇಕು. ಡ್ರಿಪ್ ಶುರುವಾದ ಮೇಲೆ ತೆಗೆದ ಮಾದರಿ ಆ ಪರೀಕ್ಷೆಗೆ ಬರುವುದಿಲ್ಲ, ಮುಂದಿನ ಡೋಸಿನವರೆಗೆ ಕಾಯಬೇಕಾಗುತ್ತದೆ.