ಆಟೋಕ್ಲೇವ್ ವ್ಯಾಲಿಡೇಶನ್ ನಾವು ಮಾಡುವ ಬಗೆ

ಚುಚ್ಚುಮದ್ದಿನ ಬಾಟಲಿ ಕ್ರಿಮಿರಹಿತವೋ ಅಲ್ಲವೋ ಎಂದು ಪರೀಕ್ಷಿಸಬೇಕಾದರೆ ಅದನ್ನು ತೆರೆಯಲೇಬೇಕು, ತೆರೆದ ಮೇಲೆ ಅದು ರೋಗಿಗೆ ಹೋಗುವಂತಿಲ್ಲ. ಹಾಗಾಗಿ ಒಂದು ಬ್ಯಾಚಿನಿಂದ 20 ಬಾಟಲಿ ತೆಗೆದು ನೋಡುತ್ತಾರೆ ಎನ್ನಿ. ನೂರಕ್ಕೊಂದು ಬಾಟಲಿ ಕೆಟ್ಟಿದ್ದರೆ ಆ 20ರಲ್ಲಿ ಅದು ಸಿಕ್ಕಿಬೀಳುವ ಸಾಧ್ಯತೆ ಸುಮಾರು ಶೇ. 18. ಸಾವಿರಕ್ಕೊಂದಾದರೆ ಬರೀ ಶೇ. 2. ವೆಬ್‌ಸೈಟಿನ ಫಾರಂನಲ್ಲಿ ಪಿನ್‌ಕೋಡಿಗೆ ಆರು ಅಂಕೆ ಇದೆಯೇ ಎಂದು ನೋಡುವುದಕ್ಕೂ ವ್ಯಾಲಿಡೇಶನ್ ಅನ್ನುತ್ತಾರೆ. ಅಲ್ಲಿ ಬಂದದ್ದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬಹುದು. ಔಷಧ ಕಾರ್ಖಾನೆಯಲ್ಲಿ ಅದು ಆಗದ ಮಾತು. ಮಾಡುವ ವಿಧಾನವೇ ಸರಿ ಎಂದು ಮೊದಲೇ ಸಾಬೀತುಪಡಿಸಬೇಕು; ಅದೇ ಇಲ್ಲಿನ ವ್ಯಾಲಿಡೇಶನ್. ನಾವು ಪರೀಕ್ಷಿಸುವುದು ಆಟೋಕ್ಲೇವನ್ನು, ಅಂದರೆ ಒತ್ತಡದ ಬಿಸಿ ಆವಿಯಿಂದ ಕ್ರಿಮಿಗಳನ್ನು ಕೊಲ್ಲುವ ಯಂತ್ರವನ್ನು.

1972ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿಸಿಕೊಂಡ ರೋಗಿಗಳು ಸತ್ತರು. ಆಟೋಕ್ಲೇವ್‌ನ ತಳದಲ್ಲಿ ಗಾಳಿ ಉಳಿದು ಕೆಳಗಿನ ಬಾಟಲಿಗಳಿಗೆ ಶಾಖ ಮುಟ್ಟಿರಲಿಲ್ಲ. ತಾಪಮಾನದ ರೆಕಾರ್ಡರ್ ಅದನ್ನು ತೋರಿಸುತ್ತಲೇ ಇತ್ತು. ರೆಕಾರ್ಡರೇ ಕೆಟ್ಟಿದೆ ಎಂದುಕೊಂಡು ಒತ್ತಡದ ಗೇಜನ್ನು ನಂಬಿದರು. ಈ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಮೊದಲು ಹೇಳಬೇಕಾದ ಪ್ರಕರಣ ಇದು.

ಗಾಳಿಯೇ ನಮ್ಮ ಮುಖ್ಯ ಶತ್ರು. ಶುದ್ಧ ಆವಿ 121 ಡಿಗ್ರಿಯಲ್ಲಿದ್ದರೆ ಗೇಜಿನಲ್ಲಿ ಸುಮಾರು 1.05 ಬಾರ್ ಇರಬೇಕು. ಒತ್ತಡ ಅಷ್ಟಿದ್ದೂ ತಾಪ ಕಡಿಮೆಯಿದ್ದರೆ ಆವಿಯ ಜೊತೆ ಗಾಳಿ ಸೇರಿದೆ. ತಾಪವೇ ಹೆಚ್ಚಿದ್ದರೆ ಆವಿ ಒಣಗಿದೆ. ಒಣ ಆವಿ ಸುಲಭವಾಗಿ ನೀರಾಗುವುದಿಲ್ಲ, ನೀರಾಗದಿದ್ದರೆ ಶಾಖ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮೊದಲು ವ್ಯಾಕ್ಯೂಮ್ ಲೀಕ್ ಪರೀಕ್ಷೆ: ಒಳಗಿನ ಗಾಳಿ ಹೀರಿ ತೆಗೆದ ಮೇಲೆ ಒತ್ತಡ ನಿಮಿಷಕ್ಕೆ 1.3 ಮಿಲಿಬಾರ್ ಮೀರಿ ಏರಿದರೆ ಬಾಗಿಲಿನ ಗ್ಯಾಸ್ಕೆಟ್ ಮತ್ತು ತಾಪ ಅಳೆಯುವ ಪ್ರೋಬ್ ತೂರಿಸಿದ ಜಾಗ ನೋಡಬೇಕು. ಹೆಚ್ಚಿನ ಸಲ ತಪ್ಪು ಇರುವುದು ಆ ಎರಡನೆಯ ಜಾಗದಲ್ಲಿ, ಅಂದರೆ ನಮ್ಮದೇ ತಂತಿಗಳ ಸುತ್ತ. ಆಮೇಲೆ ಪ್ಯಾಕಿನ ನಡುವಿನವರೆಗೂ ಆವಿ ಮುಟ್ಟುತ್ತದೆಯೇ ಎಂದು ನೋಡುವ ಬೋವಿ-ಡಿಕ್ ಪರೀಕ್ಷೆ: 134 ಡಿಗ್ರಿಯಲ್ಲಿ ಮೂರೂವರೆ ನಿಮಿಷ. ಪ್ಯಾಕಿನೊಳಗಿನ ಹಾಳೆಯ ಬಣ್ಣ ಅಂಚಿನಿಂದ ನಡುವಿನವರೆಗೆ ಒಂದೇ ಸಮ ಬದಲಾಗಬೇಕು. ನಡುವೆ ಮಸುಕಾದ ಮಚ್ಚೆ ಉಳಿದರೆ ಅಲ್ಲಿ ಗಾಳಿ ನಿಂತಿದೆ.

ಇನ್ನು ಥರ್ಮೋಕಪಲ್‌ಗಳು, ಅಂದರೆ ತಾಪ ಅಳೆಯುವ ಆ ಪ್ರೋಬ್ ತಂತಿಗಳು. ಪರೀಕ್ಷೆಗೆ ಮೊದಲೂ ನಂತರವೂ ಅವನ್ನು ಕ್ಯಾಲಿಬ್ರೇಟ್ ಮಾಡುತ್ತೇವೆ, ಅಂದರೆ ಗೊತ್ತಿರುವ ತಾಪಕ್ಕೆ ಹೋಲಿಸಿ ನೋಡುತ್ತೇವೆ. ನಂತರದ್ದು ಅರ್ಧ ಡಿಗ್ರಿ ಮೀರಿ ಸರಿದಿದ್ದರೆ ಆ ಪ್ರೋಬಿನ ಅಂಕಿಗಳಿಗೆ ಬೆಲೆಯಿಲ್ಲ. ಖಾಲಿ ಚೇಂಬರಿನಲ್ಲಿ ಮೂಲೆಗಳು, ನಡು, ಡ್ರೇನ್ ಎಲ್ಲ ಕಡೆ ಇಟ್ಟು ಶಾಖದ ಹಂಚಿಕೆ ನೋಡಿ, ನಂತರ ಲೋಡ್ (ಕ್ರಿಮಿರಹಿತ ಮಾಡಬೇಕಾದ ಸಾಮಾನು) ತುಂಬಿ ಒಳಗೆ ಶಾಖ ಇಳಿಯುವುದನ್ನು ಅಳೆಯುತ್ತೇವೆ. ಪ್ರೋಬ್ ಇಡಬೇಕಾದದ್ದು ಕಷ್ಟದ ಜಾಗದಲ್ಲಿ: ಉದ್ದದ ರಬ್ಬರ್ ಕೊಳವೆಯ ಮಧ್ಯ, ಫಿಲ್ಟರ್ ಹೌಸಿಂಗ್‌ನ ಒಳಗೆ, ಬುಚ್ಚುಗಳ ಚೀಲದ ನಡುವೆ. ತುದಿ ಲೋಹಕ್ಕೆ ತಾಗಿದ್ದರೆ ಅದು ಹೇಳುವುದು ಲೋಹದ ತಾಪ, ಆವಿಯದ್ದಲ್ಲ. ಇದಕ್ಕಿಂತ ಮೋಸದ ತಪ್ಪು ಇನ್ನೊಂದಿದೆ. ಕೊಳವೆಯ ಬಾಯಿಂದ ತಂತಿ ತೂರಿಸುವಾಗ ಸುತ್ತಿದ ಕಾಗದ ಸಡಿಲವಾದರೆ, ಆ ಸಂದಿಯಿಂದ ಆವಿ ಸರಾಗವಾಗಿ ನುಗ್ಗುತ್ತದೆ. ಪರೀಕ್ಷೆ ಚೆನ್ನಾಗಿ ಪಾಸಾಗುತ್ತದೆ. ತಂತಿಯಿಲ್ಲದ ದಿನನಿತ್ಯದ ಲೋಡಿನಲ್ಲಿ ಮಾತ್ರ ಆವಿಗೆ ಆ ದಾರಿಯೇ ಇರುವುದಿಲ್ಲ. ತಂತಿ ತೂರಿದ ಕಡೆ ಬಿಗಿಯಾಗಿ ಮುಚ್ಚುವುದಕ್ಕೆ ಎಷ್ಟು ಹೊತ್ತಾದರೂ ಆಗಲಿ, ಅವಸರ ಬೇಡ.

ಪಾತ್ರೆಗಳನ್ನು ಬಾಯಿ ಕೆಳಗೆ ಮಾಡಿಯೇ ಇಡಬೇಕು. ತಣ್ಣನೆಯ ಗಾಳಿ ಆವಿಗಿಂತ ಭಾರ. ಬಾಯಿ ಮೇಲಿದ್ದರೆ ಹೊರಹೋಗದೆ ಅಲ್ಲೇ ಕೂರುತ್ತದೆ. ಕೊಳವೆಯ ಬಾಗಿನಲ್ಲಿ ನೀರು ನಿಲ್ಲದಂತೆಯೂ ನೋಡಬೇಕು.

ಕ್ರಿಮಿ ಕೊಲ್ಲುವ ಶಾಖ ಒಟ್ಟು ಎಷ್ಟು ಸಿಕ್ಕಿತು ಎಂದು ಹೇಳುವ ಅಂಕ ಎಫ್-ಸೊನ್ನೆ. ಅದರ ಲೆಕ್ಕ ಹೀಗಿದೆ. 121.1 ಡಿಗ್ರಿಯ ಒಂದು ನಿಮಿಷಕ್ಕೆ ಒಂದು ಅಂಕ. 118.1ಕ್ಕೆ ಇಳಿದರೆ ಅದೇ ನಿಮಿಷಕ್ಕೆ ಅರ್ಧ, 111.1ಕ್ಕೆ ಇಳಿದರೆ ಹತ್ತರಲ್ಲೊಂದು. ಮೂರೇ ಡಿಗ್ರಿಗೆ ಅರ್ಧ ಕೆಲಸ ಕೈತಪ್ಪುತ್ತದೆ, ಅದಕ್ಕೇ ಸಣ್ಣ ವ್ಯತ್ಯಾಸವನ್ನೂ ಬಿಡುವಂತಿಲ್ಲ. ಹತ್ತು ಲಕ್ಷ ಸ್ಪೋರ್‌ಗಳು (ಶಾಖಕ್ಕೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಬೀಜಕಗಳು), ನಿಮಿಷಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಸಾಯುತ್ತವೆ ಎಂದಿಟ್ಟುಕೊಂಡರೆ, ಒಂದಾದರೂ ಉಳಿಯುವ ಸಾಧ್ಯತೆ ಹತ್ತು ಲಕ್ಷಕ್ಕೊಂದರ ಮಟ್ಟಕ್ಕೆ ಇಳಿಯಲು 12 ಅಂಕ ಬೇಕು. ಈ ಅಂಕವನ್ನು ಸರಾಸರಿಯಿಂದ ತೆಗೆಯಬಾರದು. ಎಲ್ಲಕ್ಕಿಂತ ಹಿಂದೆ ಬಿದ್ದ ಪ್ರೋಬ್ 12 ದಾಟಬೇಕು. ಸೈಕಲ್‌ನ ಅವಧಿ ನಿರ್ಧರಿಸುವುದು ಅದೇ.

ಅಂಕಿಗಳ ಜೊತೆ ಜೀವಂತ ಸಾಕ್ಷಿಯೂ ಬೇಕು. ಪ್ರತಿ ಪ್ರೋಬಿನ ಪಕ್ಕ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್ ಪಟ್ಟಿ ಇಟ್ಟು, ಆಮೇಲೆ 55ರಿಂದ 60 ಡಿಗ್ರಿಯಲ್ಲಿ ಏಳು ದಿನ ಇನ್‌ಕ್ಯುಬೇಟ್ ಮಾಡುತ್ತೇವೆ (ಬೆಳೆಯಲು ಬಿಡುತ್ತೇವೆ). ಅವುಗಳಲ್ಲಿ ಏನೂ ಬೆಳೆಯಬಾರದು. ಆಟೋಕ್ಲೇವ್‌ಗೆ ಹೋಗದ ಒಂದು ಪಟ್ಟಿಯನ್ನೂ ಜೊತೆಗಿಡಬೇಕು, ಅದರಲ್ಲಿ ಬೆಳವಣಿಗೆ ಕಾಣಲೇಬೇಕು. ಅದೂ ಬೆಳೆಯದಿದ್ದರೆ ಪಟ್ಟಿಗಳು ಮೊದಲೇ ಸತ್ತಿದ್ದಿರಬಹುದು, ಫಲಿತಾಂಶ ಲೆಕ್ಕಕ್ಕಿಲ್ಲ.

ಹೀಗೆ ಪ್ರತಿ ಲೋಡಿಗೂ ಸತತ ಮೂರು ಸಲ. ಮೂರನೆಯದು ಫೇಲಾದರೆ ನಾಲ್ಕನೆಯದನ್ನು ಮಾಡಿ ಮೂರು ಪಾಸು ಎಂದು ಬರೆಯುವುದು ಸುಳ್ಳು; ಕಾರಣ ಹುಡುಕಿ, ಸರಿಪಡಿಸಿ, ಮೊದಲಿಂದ ಶುರು ಮಾಡಬೇಕು. ಪಾಸಾದ ಲೋಡಿನ ಫೋಟೊ ತೆಗೆದು, ಯಾವ ತಟ್ಟೆಯಲ್ಲಿ ಏನು, ಎಷ್ಟು ಎಂದು ಬರೆದು ಆಟೋಕ್ಲೇವ್ ಪಕ್ಕದಲ್ಲೇ ಅಂಟಿಸುತ್ತೇವೆ. ಒಂದು ಉದ್ದದ ಕೊಳವೆ ಹೆಚ್ಚಿಗೆ ಸೇರಿದರೂ ಅದು ಬೇರೆ ಲೋಡ್, ಅದಕ್ಕೆ ಬೇರೆಯೇ ಪರೀಕ್ಷೆ.