ಚಳಿಗಾಲದ ಮಸ್ಕಿಗೆ ನಿಂತ ಲ್ಯೂರ್: ನಾನು ತೂಕ ಹೊಂದಿಸುವ ಬಗೆ

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮಸ್ಕಿ ಎಂಬ ಮೀನು ಹಿಡಿಯುವವರು ಡಿಸೆಂಬರ್ ಬಂತೆಂದರೆ ದೋಣಿಗೆ ಹೊದಿಕೆ ಹಾಕಿ ಮನೆ ಸೇರುತ್ತಾರೆ. ವಿಸ್ಕಾನ್ಸಿನ್, ಮಿನ್ನೆಸೋಟದ ಸರೋವರಗಳು ಆಗ ಹೆಪ್ಪುಗಟ್ಟಿರುತ್ತವೆ. ನಾನಿರುವ ಪೂರ್ವ ಟೆನೆಸಿಯಲ್ಲಿ ನಮ್ಮ ಒಳ್ಳೆಯ ದಿನಗಳು ಶುರುವಾಗುವುದೇ ಆಗ. ಆಗ ನಾನು ನೀರಿಗೆ ಎಸೆಯುವುದು ಲ್ಯೂರ್, ಅಂದರೆ ಕೊಕ್ಕೆ ಸಿಕ್ಕಿಸಿದ ಮರದ ಹುಸಿಮೀನು. ಓಕ್ ರಿಜ್ ಊರಿನ ಪಕ್ಕದಲ್ಲಿ ಕ್ಲಿಂಚ್ ನದಿಗೆ ಕಟ್ಟಿದ ಮೆಲ್ಟನ್ ಹಿಲ್ ಜಲಾಶಯವಿದೆ. 1963ರಲ್ಲಿ ಮುಗಿದ ಅಣೆಕಟ್ಟು ಅದು. ಜನವರಿಯಲ್ಲಿ ಅಲ್ಲಿನ ನೀರು ಆರೇಳು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ಆದರೆ ದೋಣಿ ಇಳಿಸಲು ಅಡ್ಡಿಯಿಲ್ಲ. ಟೆನೆಸಿ ರಾಜ್ಯದ ದಾಖಲೆಯ ಮಸ್ಕಿ, 43 ಪೌಂಡ್ 14 ಔನ್ಸ್ ತೂಕದ್ದು, 2017ರ ಮಾರ್ಚ್‌ನಲ್ಲಿ ಸಿಕ್ಕಿದ್ದು ಇದೇ ನೀರಿನಲ್ಲಿ.

ಮಸ್ಕಿ ಎಂದರೆ ಮಸ್ಕೆಲಂಜ್. ಪೈಕ್ ಕುಲದ ಮೀನುಗಳಲ್ಲೆಲ್ಲ ದೊಡ್ಡದು. ಬಾತುಕೋಳಿಯಂಥ ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು, ನಾಲ್ಕು ಅಡಿ ದಾಟುವ ಮೈ. ಹತ್ತು ಸಾವಿರ ಸಲ ಎಸೆದರೆ ಒಂದು ಸಿಗುವ ಮೀನು ಎಂದು ಇಲ್ಲಿಯವರು ಹೇಳುವುದುಂಟು. ಚಳಿಗಾಲದಲ್ಲಿ ಅದರ ಸ್ವಭಾವವೇ ಬೇರೆ. ತಣ್ಣೀರಿನಲ್ಲಿ ಅದರ ಮೈಯ ಕೆಲಸವೆಲ್ಲ ನಿಧಾನವಾಗುತ್ತದೆ, ತಿಂದದ್ದು ಕರಗಲು ದಿನಗಳೇ ಹಿಡಿಯುತ್ತವೆ. ಹಾಗಾಗಿ ಓಡಿಸಿಕೊಂಡು ಹೋಗಿ ತಿನ್ನುವ ಹುಮ್ಮಸ್ಸು ಅದಕ್ಕಿರುವುದಿಲ್ಲ. ಅದೇ ವೇಳೆಗೆ ನೀರಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತಿರುತ್ತದೆ. ಇಲ್ಲಿ ಥ್ರೆಡ್‌ಫಿನ್ ಶ್ಯಾಡ್ ಎಂಬ ಸಣ್ಣ ಬೆಳ್ಳಿಮೀನು ಹಿಂಡುಹಿಂಡಾಗಿದೆ. ನೀರು ಏಳು ಡಿಗ್ರಿಯ ಆಸುಪಾಸಿಗೆ ಇಳಿದರೆ ಅದು ತಡೆಯಲಾರದು. ಈಜುತ್ತ ಈಜುತ್ತ ನಿಂತುಬಿಡುತ್ತದೆ, ಓರೆಯಾಗಿ ಒಂದಿಷ್ಟು ಇಳಿಯುತ್ತದೆ, ಒಮ್ಮೆ ಅದುರಿ ಮತ್ತೆ ನಿಲ್ಲುತ್ತದೆ. ಮಸ್ಕಿಗೆ ಅದು ಕೂತಲ್ಲಿಗೇ ಬಂದ ಊಟ.

ಆದ್ದರಿಂದ ಚಳಿಗಾಲದ ಲ್ಯೂರ್ ಹೇಗೆ ಓಡುತ್ತದೆ ಎನ್ನುವುದಕ್ಕಿಂತ ಹೇಗೆ ನಿಲ್ಲುತ್ತದೆ ಎನ್ನುವುದನ್ನು ನಾನು ಮೊದಲು ನೋಡುತ್ತೇನೆ. ಎಳೆದು ಬಿಟ್ಟ ಮೇಲೆ ಅದು ಮೇಲೆ ಪುಟಿಯಬಾರದು, ತಳಕ್ಕೆ ಜಾರಲೂಬಾರದು, ಹತ್ತು ಸೆಕೆಂಡ್ ಆ ಆಳದಲ್ಲೇ ಇರಬೇಕು. ಅಂಗಡಿಯ ಲ್ಯೂರ್‌ಗಳಲ್ಲೂ ಹೀಗೆ ನಿಲ್ಲುವಂಥವಿವೆ, ಆದರೆ ಅವು ಯಾವ ನೀರಿಗೆ, ಯಾವ ಕೊಕ್ಕೆಗೆ, ಯಾವ ಲೀಡರ್‌ಗೆ (ದಾರಕ್ಕೂ ಲ್ಯೂರ್‌ಗೂ ನಡುವೆ ಕಟ್ಟುವ, ಮೀನಿನ ಹಲ್ಲಿಗೆ ಸುಲಭವಾಗಿ ತುಂಡಾಗದ ಎಳೆ) ಹೊಂದಿಸಿದವು ಎಂಬುದು ನಮ್ಮ ಕೈಯಲ್ಲಿಲ್ಲ. ನಾನೇ ಮಾಡಿಕೊಳ್ಳುವುದು ಆ ಕಾರಣಕ್ಕೆ.

ಮರ ಇಲ್ಲಿಯದೇ, ಕೆಂಪು ಸೀಡರ್. ಟೆನೆಸಿಯ ಬೇಲಿ ಸಾಲುಗಳಲ್ಲಿ ತಾನಾಗಿ ಬೆಳೆಯುವ ಮರ. ಹಗುರ, ಅರಕ್ಕೂ ಉಳಿಗೂ ಸುಲಭವಾಗಿ ಒಗ್ಗುತ್ತದೆ, ನೀರು ತಾಗಿದರೆ ಬೇಗ ಕೊಳೆಯುವುದಿಲ್ಲ. ಎಂಟು ಇಂಚು ಉದ್ದ, ಎರಡು ಇಂಚು ಎತ್ತರ, ಒಂದು ಇಂಚಿಗಿಂತ ತುಸು ಕಡಿಮೆ ದಪ್ಪ. ಅಂಚುಗಳನ್ನು ಉರುಟು ಮಾಡಿ, ಸ್ಯಾಂಡ್ ಪೇಪರ್ ಹಾಕಿ, ಕೊಕ್ಕೆ ಸಿಕ್ಕಿಸುವ ಕಣ್ಣುಮೊಳೆಗಳನ್ನು ತಿರುಗಿಸಿ ಕೂರಿಸಿ, ತೆಳು ಎಪಾಕ್ಸಿ ಹಚ್ಚಿ ಒಣಗಿಸುತ್ತೇನೆ. ತೂಕಕ್ಕೆಂದು ಸೀಸ ಹಾಕುವ ಮೊದಲೇ ಈ ಲೇಪ ಆಗಿರಬೇಕು. ಲೇಪವಿಲ್ಲದ ಮರ ಪರೀಕ್ಷೆಯ ತೊಟ್ಟಿಯಲ್ಲಿ ನೀರು ಕುಡಿಯುತ್ತ ಹೋದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಆಮೇಲೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಬರುತ್ತದೆ. ಒಂದು ಪಾತ್ರೆಯಲ್ಲಿ ನೀರಿಟ್ಟು ತಕ್ಕಡಿಯನ್ನು ಸೊನ್ನೆಗೆ ತರುತ್ತೇನೆ. ಲ್ಯೂರ್‌ನ ಬೆನ್ನಿಗೆ ತೆಳು ಸೂಜಿ ಚುಚ್ಚಿ, ಪೂರ್ತಿ ಮುಳುಗುವಂತೆ, ಆದರೆ ಪಾತ್ರೆಯ ತಳ, ಗೋಡೆ ತಾಗದಂತೆ ಒತ್ತಿ ಹಿಡಿಯುತ್ತೇನೆ. ಆಗ ತಕ್ಕಡಿ ತೋರಿಸುವುದು ಆ ಮರ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಲ್ಯೂರ್ ನೀರಿನ ನಡುವೆ ನಿಲ್ಲಬೇಕಾದರೆ ಎಲ್ಲ ಸೇರಿ ಅಷ್ಟೇ ತೂಗಬೇಕು. ನಾನು ಹೆಚ್ಚು ಬಳಸುವ ಒಂದು ಲ್ಯೂರ್‌ನ ಲೆಕ್ಕ ಹೀಗಿತ್ತು: ಮುಳುಗಿಸಿದಾಗ ತಕ್ಕಡಿಯಲ್ಲಿ 142 ಗ್ರಾಂ, ಒಣಗಿದ ಮೈಯ ತೂಕ 80 ಗ್ರಾಂ. ಉಳಿದ 62 ಗ್ರಾಂನಲ್ಲಿ ಕೊಕ್ಕೆ, ಅದನ್ನು ಲ್ಯೂರ್‌ಗೆ ಸಿಕ್ಕಿಸುವ ರಿಂಗು, ಲೀಡರ್‌ಗಳ ಪಾಲು ಕಳೆಯಬೇಕು. ಉಕ್ಕು ನೀರಿನಲ್ಲಿ ತನ್ನ ತೂಕದ ಸುಮಾರು ಎಂಟನೇ ಒಂದು ಪಾಲನ್ನು ಕಳೆದುಕೊಳ್ಳುವುದರಿಂದ ಅವನ್ನೂ ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟೇ ಅಳೆಯುತ್ತೇನೆ. ಅವು 26 ಗ್ರಾಂ ಬಂದವು. ಮಿಕ್ಕ 36 ಗ್ರಾಂ ಸೀಸಕ್ಕೆ. ಅದರ ಮೇಲೆ, ಕೊರೆದು ತೆಗೆಯುವ ಮರದ ತೂಕಕ್ಕೆ ಇನ್ನೊಂದೂವರೆ ಗ್ರಾಂ.

ಸೀಸವನ್ನು ಒಮ್ಮೆಗೇ ಒಳಗೆ ಹಾಕುವುದಿಲ್ಲ. ಮೊದಲು ರಬ್ಬರ್ ಬ್ಯಾಂಡ್ ಹಾಕಿ ಹೊಟ್ಟೆಯ ಹೊರಗೆ ಕಟ್ಟಿ, ಹಿಂದೆ ಮುಂದೆ ಸರಿಸುತ್ತ ಲ್ಯೂರ್ ಮಟ್ಟಸವಾಗಿ ಕೂರುವ ಜಾಗ ಹುಡುಕಿ, ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಅಲ್ಲಿ ಡ್ರಿಲ್ ಇಳಿಸುತ್ತೇನೆ. ಹೊರಗೆ ಕಟ್ಟಿದ ಸೀಸಕ್ಕೂ ನೀರು ಸ್ವಲ್ಪ ಆನಿಕೆ ಕೊಡುತ್ತದೆ, ಸರಿಸುಮಾರು ಹನ್ನೊಂದರಲ್ಲಿ ಒಂದು ಪಾಲು. ಒಳಗೆ ಹೋದ ಮೇಲೆ ಆ ಆನಿಕೆ ಇರುವುದಿಲ್ಲ. ಹೊರಗೆ ಕಟ್ಟಿದಾಗ ಲ್ಯೂರ್ ಕೊಂಚ ತೇಲುವಂತಿದ್ದರೆ ಸರಿಯಾಗಿಯೇ ಇದೆ ಎಂದು ತಿಳಿಯಬೇಕು. ಬಣ್ಣ, ಮೇಲಿನ ಎಪಾಕ್ಸಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಪಾಕ್ಸಿ ನೀರಿಗಿಂತ ಸ್ವಲ್ಪವೇ ಭಾರ, ಎರಡು ಪದರ ಹಚ್ಚಿದರೂ ತೂಕದ ಲೆಕ್ಕ ಹೆಚ್ಚು ಅಲುಗುವುದಿಲ್ಲ.

ಸೀಸವನ್ನು ಎಲ್ಲಿ ಇಡುತ್ತೇವೆ ಎನ್ನುವುದರ ಮೇಲೆ ಲ್ಯೂರ್‌ನ ನಡೆ ನಿಂತಿದೆ. ಎಲ್ಲವನ್ನೂ ನಡುಹೊಟ್ಟೆಯಲ್ಲಿ ಒಟ್ಟಿದರೆ ಅದು ಚುರುಕಾಗಿ ತಿರುಗುತ್ತದೆ, ಚಿಕ್ಕ ಎಳೆತಕ್ಕೂ ಮೂತಿ ಹೊರಳಿಸುತ್ತದೆ. ಬೇಸಿಗೆಗೆ ಅದು ಚೆನ್ನ. ಎರಡು ತುದಿಗಳ ಕಡೆಗೆ ಹಂಚಿದರೆ ತಿರುಗಲು ಹೊತ್ತು ಬೇಕು, ಆದರೆ ತಿರುಗಿದ ಮೇಲೆ ಉದ್ದಕ್ಕೆ ತೇಲಿಕೊಂಡು ಹೋಗುತ್ತದೆ. ಚಳಿಗಾಲಕ್ಕೆ ನಾನು ಯಾವಾಗಲೂ ಎರಡನೆಯದನ್ನೇ ಆರಿಸುವುದು. ಸೀಸ ಆದಷ್ಟೂ ಕೆಳಗಿರಬೇಕು, ಇಲ್ಲವಾದರೆ ನಿಂತಾಗ ಮಗ್ಗುಲಿಗೆ ವಾಲುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮನೆಯೊಳಗಿನ ಟಬ್ಬಿನಲ್ಲಿ ಸರಿಯಾಗಿ ನಿಂತ ಲ್ಯೂರ್ ಜಲಾಶಯದಲ್ಲಿ ಮೇಲಕ್ಕೇಳುತ್ತದೆ. ಕಾರಣ ನೀರಿನ ಸಾಂದ್ರತೆ. ನೀರು ಅತಿ ಹೆಚ್ಚು ಭಾರವಿರುವುದು ನಾಲ್ಕು ಡಿಗ್ರಿಯಲ್ಲಿ. 20 ಡಿಗ್ರಿಯ ನೀರಿಗೂ 6 ಡಿಗ್ರಿಯ ನೀರಿಗೂ ಸಾವಿರಕ್ಕೆ ಎರಡು ಪಾಲಿಗೂ ಕಡಿಮೆ ವ್ಯತ್ಯಾಸ, ಆದರೂ ಮೇಲೆ ಹೇಳಿದ 142 ಗ್ರಾಂನ ಲ್ಯೂರ್‌ಗೆ ಅದು ಕಾಲು ಗ್ರಾಂ ಆಗುತ್ತದೆ. ಎರಡೂ ಕಡೆ ಸಮ ತೂಗುತ್ತಿರುವ ತಕ್ಕಡಿಯ ಮುಳ್ಳು ಒಂದು ಅಕ್ಕಿಕಾಳಿಗೂ ವಾಲುವಂತೆ, ನೀರಿನಷ್ಟೇ ತೂಗುವ ಲ್ಯೂರ್ ಆ ಕಾಲು ಗ್ರಾಂಗೆ ನಿಧಾನವಾಗಿ ಏಳತೊಡಗುತ್ತದೆ. ಹಾಗಾಗಿ ನನ್ನ ಪರೀಕ್ಷೆಯ ತೊಟ್ಟಿ ಮನೆಯ ಹೊರಗಿದೆ. ಎತ್ತರದ ಪ್ಲಾಸ್ಟಿಕ್ ಡ್ರಮ್ಮಿಗೆ ಜಲಾಶಯದ ನೀರನ್ನೇ ತುಂಬಿ ರಾತ್ರಿಯೆಲ್ಲ ಚಳಿಗೆ ಬಿಟ್ಟು, ಬೇಕಾದರೆ ಐಸ್ ಹಾಕಿ, ಥರ್ಮಾಮೀಟರ್ ಆರು ಡಿಗ್ರಿ ತೋರಿಸಿದಾಗ ಲ್ಯೂರ್ ಇಳಿಸುತ್ತೇನೆ. ಲ್ಯೂರ್ ಕೂಡ ಅಷ್ಟೇ ತಣ್ಣಗಿರಬೇಕು. ಮನೆಯಿಂದ ಬೆಚ್ಚಗೆ ತಂದದ್ದನ್ನು ಹಾಗೇ ಮುಳುಗಿಸಿದರೆ ಮೈಗೆ ಗಾಳಿಗುಳ್ಳೆಗಳು ಅಂಟಿ ಲೆಕ್ಕ ತಪ್ಪುತ್ತದೆ. ಬೆರಳಿನಿಂದ ಒಮ್ಮೆ ಸವರಿ ಗುಳ್ಳೆ ಬಿಡಿಸಿ, ಅರ್ಧ ಅಡಿ ಆಳದಲ್ಲಿ ಕೈಬಿಟ್ಟು ನೋಡುತ್ತೇನೆ.

ನನಗೆ ಬೇಕಾದದ್ದು ತೀರಾ ಸಮತೂಕವಲ್ಲ, ಕೂದಲೆಳೆಯಷ್ಟು ಭಾರ. ಒಂದಡಿ ಇಳಿಯಲು ಹತ್ತು ಸೆಕೆಂಡ್ ಹಿಡಿದರೆ ನನಗೆ ತೃಪ್ತಿ. ನಾವು ಬಳಸುವ ಹೆಣೆದ ದಾರ ನೀರಿಗಿಂತ ಹಗುರ, ಉದ್ದಕ್ಕೆ ಬಿಟ್ಟಾಗ ಮೂತಿಯನ್ನು ಮೇಲಕ್ಕೆಳೆಯುತ್ತಿರುತ್ತದೆ. ಆ ಎಳೆತ ಮತ್ತು ಈ ಭಾರ ಒಂದನ್ನೊಂದು ಸರಿದೂಗಿಸಿದಾಗಲೇ ಲ್ಯೂರ್ ನಿಲ್ಲುವುದು.

ಲೀಡರ್ ಕಟ್ಟಿಯೇ ತೊಟ್ಟಿಗೆ ಇಳಿಸಬೇಕು ಎಂದು ನಾನು ಹಟ ಹಿಡಿಯುವುದೂ ಇದಕ್ಕೇ. ಉಕ್ಕಿನ ತಂತಿಯ ಲೀಡರ್ ಮೂತಿಯನ್ನು ಕೆಳಗೆ ಬಗ್ಗಿಸುತ್ತದೆ. ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ ಅಷ್ಟು ಭಾರವಿಲ್ಲ, ಚಳಿಗಾಲದ ತಿಳಿನೀರಿನಲ್ಲಿ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. 130 ಪೌಂಡ್ ಎಳೆತ ತಡೆಯುವಂಥದ್ದನ್ನು ಒಂದೂವರೆ ಅಡಿ ಕತ್ತರಿಸಿ ಎರಡು ತುದಿಗೂ ಜೋಡಿ ಕೊಳವೆಯ ಲೋಹದ ಸ್ಲೀವ್ ಹಾಕುತ್ತೇನೆ. ದಾರವನ್ನು ಸ್ಲೀವ್‌ನೊಳಗೆ ತೂರಿಸಿ, ಸ್ನ್ಯಾಪ್ ಎಂಬ ಕೊಂಡಿಯ ಸುತ್ತ ತಂದು, ಮತ್ತೆ ಒಳಗೆ ಹಾಯಿಸಿ, ತುದಿಗೆ ಲೈಟರ್ ಹಿಡಿದರೆ ಅದು ಕರಗಿ ಅಣಬೆಯ ತಲೆಯಂತೆ ಗುಂಡಾಗುತ್ತದೆ. ಆ ಗುಂಡು ಸ್ಲೀವ್‌ನ ಬಾಯಿಗೆ ತಾಗುವವರೆಗೆ ಹಿಂದೆಳೆದು, ಸ್ಲೀವ್‌ನ ನಡುಭಾಗವನ್ನು ಮಾತ್ರ ಇಕ್ಕಳದಿಂದ ಒತ್ತುತ್ತೇನೆ. ಎರಡು ಅಂಚುಗಳನ್ನು ಮುಟ್ಟುವುದಿಲ್ಲ. ಅಂಚು ಒತ್ತಿದರೆ ಅದೇ ಬ್ಲೇಡಾಗಿ ದಾರವನ್ನು ಕಚ್ಚುತ್ತದೆ, ದೊಡ್ಡ ಮೀನು ತಲೆ ಒದರಿದ ಕ್ಷಣ ಅಲ್ಲೇ ತುಂಡಾಗುತ್ತದೆ. ಮಾಡಿದ ಪ್ರತಿಯೊಂದು ಲೀಡರನ್ನೂ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮೈಭಾರ ಹಾಕಿ ಎಳೆದು ನೋಡಿಯೇ ಪೆಟ್ಟಿಗೆಗೆ ಹಾಕುತ್ತೇನೆ.

ಕೊಕ್ಕೆಗಳು 5/0 ಅಳತೆಯ ಮೂರು ಮುಳ್ಳಿನವು. ಮಸ್ಕಿಯ ಬಾಯಿ ಒಳಗೆಲ್ಲ ಎಲುಬು, ಮೊಂಡು ಮುಳ್ಳು ಇಳಿಯುವುದಿಲ್ಲ. ಸಣ್ಣ ಅರದಿಂದ ಮಸೆದು ಹೆಬ್ಬೆರಳ ಉಗುರಿನ ಮೇಲೆ ಎಳೆದಾಗ ಜಾರದೆ ಕಚ್ಚಿಕೊಳ್ಳಬೇಕು. ಮುಳ್ಳಿನ ಹಿಂಗೊಕ್ಕನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರುತ್ತೇನೆ, ಬಿಡಿಸುವಾಗ ಮೀನಿಗೂ ನನ್ನ ಕೈಗೂ ಒಳ್ಳೆಯದು.

ಕೊನೆಯ ತಿದ್ದುಪಡಿ ನೀರಿನ ಮೇಲೆಯೇ. ಮಧ್ಯಾಹ್ನ ಬಿಸಿಲು ಬಿದ್ದ ಹಳ್ಳದ ಬಾಯಿಯಲ್ಲಿ ನೀರು ಬೆಚ್ಚಗಾಗಿದ್ದರೆ ಲ್ಯೂರ್ ತುಸು ಬೇಗ ಇಳಿಯತೊಡಗುತ್ತದೆ. ಆಗ ಹಿಂದಿನ ರಿಂಗನ್ನು ಒಂದು ಸೈಜ್ ಚಿಕ್ಕದಕ್ಕೆ ಬದಲಾಯಿಸುತ್ತೇನೆ. ಏಳುತ್ತಿದ್ದರೆ ಮುಂದಿನ ಕೊಕ್ಕೆಯ ಕಾಲಿಗೆ ಸೀಸದ ತಂತಿ ಎರಡು ಸುತ್ತು. ದೋಣಿಯ ಪಕ್ಕದಲ್ಲಿ ಬಿಟ್ಟು ನೋಡಿ, ಸರಿಬಂದರೆ ಎಸೆಯುವುದು.

ಜಾಗದ ಮಾತು. ಜಲಾಶಯದ ದಂಡೆಯಲ್ಲಿ 1967ರಿಂದ ಬುಲ್ ರನ್ ಎಂಬ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಡೆಯುತ್ತಿತ್ತು. ಅದರ ಬಿಸಿನೀರು ಬಂದು ಸೇರುವಲ್ಲಿ ಚಳಿಗಾಲದಲ್ಲಿ ಶ್ಯಾಡ್ ಹಿಂಡು ಕೂಡುತ್ತಿತ್ತು, ಅದರ ಬೆನ್ನಿಗೆ ಮಸ್ಕಿ. 2023ರ ಡಿಸೆಂಬರ್‌ನಲ್ಲಿ ಸ್ಥಾವರ ಮುಚ್ಚಿದ ಮೇಲೆ ಆ ಒಂದು ಜಾಗವನ್ನು ನೆಚ್ಚಿಕೊಳ್ಳುವಂತಿಲ್ಲ. ಈಗ ನಾನು ಹಳ್ಳಗಳ ಬಾಯಿ, ಹಳೆಯ ನದಿಪಾತ್ರ ದಂಡೆಗೆ ಹತ್ತಿರವಾಗುವ ತಿರುವುಗಳು, ಮರ ಬಿದ್ದ ಕಡಿದಾದ ಬಂಡೆಬದಿಗಳನ್ನು ನೋಡುತ್ತೇನೆ. ಹತ್ತರಿಂದ ಇಪ್ಪತ್ತು ಅಡಿ ಆಳ, ಪಕ್ಕದಲ್ಲೇ ಇನ್ನೂ ಆಳ. ನೀರೊಳಗಿನ ಮೀನು ತೋರಿಸುವ ಸೋನಾರ್‌ನಲ್ಲಿ ಶ್ಯಾಡ್ ಕಾಣದಿದ್ದರೆ ಅಲ್ಲಿ ನಿಲ್ಲುವುದಿಲ್ಲ.

ಎಸೆದು, ಕೋಲಿನ ತುದಿಯಿಂದ ಒಂದಡಿ ಎಳೆದು, ದಾರ ಸಡಿಲ ಬಿಟ್ಟು ಎಣಿಸುತ್ತೇನೆ. ಎಂಟು, ಹತ್ತು, ಕೆಲವೊಮ್ಮೆ ಹದಿನೈದು. ಮತ್ತೆ ಒಂದಡಿ. ಬೇಸಿಗೆಯಂತೆ ಬಡಿದು ಬೀಳುವ ಹೊಡೆತ ಇರುವುದಿಲ್ಲ. ಸಡಿಲವಿದ್ದ ದಾರ ಸುಮ್ಮನೆ ಒಂದಂಗುಲ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಮುಂದಿನ ಎಳೆತಕ್ಕೆ ಒದ್ದೆ ಬಟ್ಟೆ ಸಿಕ್ಕಿದಷ್ಟು ಭಾರ ಬರುತ್ತದೆ. ಅಷ್ಟಕ್ಕೇ ಗಟ್ಟಿಯಾಗಿ ಹೊಡೆದೆತ್ತಬೇಕು, ಎರಡನೆಯ ಸೂಚನೆ ಸಿಗುವುದಿಲ್ಲ. ದೋಣಿಯ ಹತ್ತಿರ ಬಂದಾಗಲೂ ಲ್ಯೂರ್ ತೆಗೆಯದೆ ಇಂಗ್ಲಿಷ್ ಅಂಕಿ 8ರ ಆಕಾರದಲ್ಲಿ ನಿಧಾನವಾಗಿ ಸುತ್ತಿಸಿ ತಿರುವಿನಲ್ಲಿ ನಿಲ್ಲಿಸುತ್ತೇನೆ. ಹಿಂಬಾಲಿಸಿ ಬಂದ ಮಸ್ಕಿ ಬಾಯಿ ಹಾಕುವುದು ಎಷ್ಟೋ ಸಲ ಅಲ್ಲೇ.

ಚಳಿಯ ತೊಂದರೆಗಳು ಬೇರೆ ಇವೆ. ಗಾಳಿ ಸೊನ್ನೆಗಿಂತ ಕೆಳಗಿದ್ದರೆ ಕೋಲಿನ ಉಂಗುರಗಳಲ್ಲಿ ಐಸ್ ಕಟ್ಟುತ್ತದೆ. ಒಡೆಯಲು ಹೋಗದೆ ಕೋಲನ್ನು ನೀರಿನಲ್ಲಿ ಅದ್ದಿದರೆ ಕರಗುತ್ತದೆ. ರೀಲ್‌ನ ದಪ್ಪ ಗ್ರೀಸ್ ತೆಗೆದು ತೆಳು ಎಣ್ಣೆ ಹಾಕಿರಬೇಕು. ಲೈಫ್ ಜಾಕೆಟ್ ಮೈಮೇಲೇ ಇರಬೇಕು. ಆರು ಡಿಗ್ರಿಯ ನೀರಿಗೆ ಬಿದ್ದವರಿಗೆ ಮೊದಲ ಒಂದೆರಡು ನಿಮಿಷ ಉಸಿರೇ ಹತೋಟಿಯಲ್ಲಿರುವುದಿಲ್ಲ, ಆಮೇಲೆ ಕೈಗಳು ಕೆಲಸ ಮಾಡುವುದಿಲ್ಲ. ಈಜು ಬಂದರೂ ಅಷ್ಟೇ. ಒಬ್ಬನೇ ಹೋಗುವುದನ್ನು ನಾನು ಬಿಟ್ಟಿದ್ದೇನೆ.

ಹಿಡಿದ ಮಸ್ಕಿಯನ್ನೆಲ್ಲ ಬಿಡುತ್ತೇನೆ. ನಾನು ಬೆಳೆದದ್ದು ತೀರ್ಥಹಳ್ಳಿಯ ಕಡೆ, ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುತ್ತ. ಅಲ್ಲಿನ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ, ದೇವರ ಮೀನು ಅವು. ದೊಡ್ಡ ಮೀನು ಕಂಡರೆ ಅದು ನೀರಿನಲ್ಲೇ ಇರಬೇಕು ಎನಿಸುವುದು ಆ ಅಭ್ಯಾಸದಿಂದಲೇ ಇರಬೇಕು. ಚಳಿಗಾಲದ ಮಸ್ಕಿ ಬಿಸಿನೀರಿನ ಮಸ್ಕಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಕೊರೆಯುವ ಗಾಳಿಯಲ್ಲಿ ಮೇಲೆತ್ತಿ ಹಿಡಿದರೆ ಕಿವಿರಿನ ತೆಳು ಎಳೆಗಳು, ಕಣ್ಣು ಹೆಪ್ಪುಗಟ್ಟಿ ಹಾಳಾಗುತ್ತವೆ. ರಬ್ಬರ್ ಲೇಪಿಸಿದ ದೊಡ್ಡ ಬಲೆಯಲ್ಲಿ ನೀರಿನೊಳಗೇ ಇಟ್ಟು ಕೊಕ್ಕೆ ಬಿಡಿಸುತ್ತೇನೆ. ಬಿಡದಿದ್ದರೆ ಕಟ್ಟರ್‌ನಿಂದ ಕೊಕ್ಕೆಯನ್ನೇ ಕತ್ತರಿಸುತ್ತೇನೆ.

ಈ ಸಲ ಹತ್ತು ಇಂಚಿನದೊಂದು ಕೆತ್ತಿಟ್ಟಿದ್ದೇನೆ, ಗಿಜರ್ಡ್ ಶ್ಯಾಡ್ ಎಂಬ ದೊಡ್ಡ ಜಾತಿಯ ಅಳತೆಗೆ. ಮರ ಸೀಡರೇ. ಸೀಸವನ್ನು ಮೂರು ಕಡೆ ಹಂಚಿ, ಬಾಲದ ಕಡೆಯ ರಂಧ್ರವನ್ನು ಇನ್ನೂ ಮುಚ್ಚಿಲ್ಲ. ಜಲಾಶಯ ಎಂಟು ಡಿಗ್ರಿಗೆ ಇಳಿದ ಮೇಲೆ ಅದರ ನೀರು ತಂದು ಡ್ರಮ್ಮಿಗೆ ತುಂಬಿ, ಅಲ್ಲಿ ನಿಂತದ್ದು ನೋಡಿಯೇ ಕೊನೆಯ ಎರಡು ಗ್ರಾಂ ಹಾಕುವುದು.