ಮಿನುಗುವ ಕಲ್ಲು ಸಿಕ್ಕಿತೇ? ಮೊದಲು ಒಂದು ಸೂಜಿ ತನ್ನಿ

ಬೆಟ್ಟ ಹತ್ತಿಳಿದ ಮಕ್ಕಳ ಜೇಬಿನಲ್ಲಿ ಮಿನುಗುವ ಕಲ್ಲೊಂದು ಇದ್ದೇ ಇರುತ್ತದೆ. ‘ಇದು ಬಂಗಾರ ಅಲ್ವಾ?’ ಎಂದು ಕೇಳುತ್ತಾರೆ. ಬಹುತೇಕ ಸಲ ಅಲ್ಲ. ಆದರೂ ನಮ್ಮ ನಾಡಿನಲ್ಲಿ ಸುಮ್ನೆ ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. 2001ರ ಫೆಬ್ರುವರಿಯಲ್ಲಿ ಮುಚ್ಚುವವರೆಗೆ ಕೋಲಾರದ ಗಣಿಗಳು ಸುಮಾರು 800 ಟನ್ ಚಿನ್ನ ಕೊಟ್ಟವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಗಣಿ ನಡೆಯುತ್ತಿದೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದವರಿಗೆ ಜಾಲಗಾರರು ಎಂದೇ ಹೆಸರಿತ್ತು.

ಎಲ್ಲಿ ಸಿಕ್ಕಿತು?

ಕಲ್ಲಿಗಿಂತ ಮೊದಲು ಅದರ ಊರು ನೋಡಿ. ರಾಮನಗರದಂಥ ಕಡೆಯ ಗ್ರಾನೈಟ್ ಬಂಡೆಯಿಂದ ಬಂದಿದ್ದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಕೋಲಾರ, ಹಟ್ಟಿಗಳಲ್ಲಿ ಚಿನ್ನ ಸಿಕ್ಕಿದ್ದು ಬಹಳ ಹಳೆಯ ಲಾವಾದಿಂದಾದ, ಕಪ್ಪು ಹಸಿರು ಬಣ್ಣದ ಕಲ್ಲಿನ ಪಟ್ಟಿಗಳಲ್ಲಿ. ಅಂಥ ಕಲ್ಲನ್ನು ಸೀಳಿಕೊಂಡು ಬಿಳಿ ಅಥವಾ ಬೂದು ಬಣ್ಣದ ಬೆಣಚುಕಲ್ಲಿನ ಎಳೆ ಹಾದುಹೋಗಿದ್ದರೆ, ಅದರ ಮೇಲೆ ತುಕ್ಕಿನಂಥ ಕಂದು ಕಲೆ, ಸಣ್ಣ ತೂತುಗಳಿದ್ದರೆ ಮುಂದುವರಿಯಬಹುದು. ಗಂಧಕ ಇರುವ ಖನಿಜಗಳು ಗಾಳಿ ನೀರಿಗೆ ಕರಗಿಹೋದ ಗುರುತು ಅದು. ಅವುಗಳ ಜೊತೆಗೇ ಚಿನ್ನ ಇರುವುದುಂಟು, ಹಟ್ಟಿಯಲ್ಲಿ ಇರುವ ಹಾಗೆ.

ಸೂಜಿ ಮತ್ತು ಭೂತಗನ್ನಡಿ

ಕಲ್ಲನ್ನು ತೊಳೆದು ಬಿಸಿಲಿನಲ್ಲಿ ತಿರುಗಿಸಿ. ಒಂದು ಕೋನದಲ್ಲಿ ಫಳ್ಳನೆ ಹೊಳೆದು ಇನ್ನೊಂದರಲ್ಲಿ ಮಾಯವಾದರೆ ಅದು ಹೆಚ್ಚಾಗಿ ಅಭ್ರಕ. ನಮ್ಮ ಹಿರಿಯರು ಅದನ್ನು ಕಾಗೆಬಂಗಾರ ಎಂದು ಕರೆದದ್ದು ಸುಮ್ನೆ ಅಲ್ಲ! ನಿಜವಾದ ಚಿನ್ನ ನೆರಳಿನಲ್ಲೂ ಅದೇ ಹಳದಿ.

ಈಗ ಭೂತಗನ್ನಡಿ ಹಿಡಿದು, ಹೊಳೆಯುವ ಚುಕ್ಕೆಯನ್ನು ಸೂಜಿಯಿಂದ ಒತ್ತಿ. ಚಿನ್ನ ಮೆತ್ತಗೆ ತಗ್ಗುತ್ತದೆ, ಪುಡಿಯಾಗುವುದಿಲ್ಲ. ಕಾಗೆಬಂಗಾರ ಪದರ ಪದರವಾಗಿ ಏಳುತ್ತದೆ. ಕಬ್ಬಿಣ, ಗಂಧಕ ಸೇರಿದ ಹಳದಿ ಖನಿಜ ಪೈರೈಟ್ ಆದರೆ ಸೂಜಿಗೆ ಜಗ್ಗುವುದೇ ಇಲ್ಲ, ಜಾಸ್ತಿ ಒತ್ತಿದರೆ ಚೂರಾಗಿ ಸಿಡಿಯುತ್ತದೆ. ತಾಮ್ರದ ಅದಿರು ಚಾಲ್ಕೊಪೈರೈಟ್ ಚಿನ್ನದಷ್ಟೇ ಹಳದಿ, ಆದರೆ ಸೂಜಿಗೆ ಪುಡಿಯಾಗುತ್ತದೆ. ನನ್ನನ್ನು ಕೇಳಿದರೆ ಮನೆಯಲ್ಲಿ ಮಾಡುವ ಪರೀಕ್ಷೆಗಳಲ್ಲಿ ಇದೊಂದೇ ಸಾಕು, ಉಳಿದವು ಖಾತರಿಗೆ.

ಟೈಲ್ಸ್ ಹಿಂಬದಿಯೇ ಒರೆಗಲ್ಲು

ಅಕ್ಕಸಾಲಿಗರು ಒರೆಗೆ ಹಚ್ಚುವುದನ್ನು ನೋಡಿದ್ದೀರಲ್ಲ? ಹೊಳಪಿಲ್ಲದ ಬಿಳಿ ಟೈಲ್ಸ್‌ನ ಹಿಂಬದಿಗೆ ಆ ಚುಕ್ಕೆಯನ್ನು ಉಜ್ಜಿ. ಚಿನ್ನದ ಗೆರೆ ಹಳದಿಯೇ. ಪೈರೈಟ್, ಚಾಲ್ಕೊಪೈರೈಟ್ ಎರಡೂ ಹಸಿರು ಮಿಶ್ರಿತ ಕಪ್ಪು ಗೆರೆ ಬಿಡುತ್ತವೆ. ಬೆಣಚುಕಲ್ಲು ಟೈಲ್ಸ್ ಅನ್ನೇ ಗೀರುತ್ತದೆ, ಆ ಬಿಳಿ ಪುಡಿ ನೋಡಿ ಮೋಸಹೋಗಬೇಡಿ.

ಬೆಳ್ಳಿಯ ವಿಷಯ ಬೇರೆ. ನಮ್ಮ ದೇಶದಲ್ಲಿ ಅದು ಮುಖ್ಯವಾಗಿ ಸೀಸ, ಸತುವಿನ ಅದಿರಿನ ಜೊತೆ ಬರುತ್ತದೆ. ಕೈಗೆ ಭಾರ, ಸೀಸದ ಬಣ್ಣ, ಒಡೆದರೆ ಪುಟ್ಟ ಪುಟ್ಟ ಘನಗಳು: ಅದು ಗೆಲೀನಾ, ಸೀಸದ ಅದಿರು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಒಳಗೆ ಬೆಳ್ಳಿ ಇದೆಯೋ ಇಲ್ಲವೋ ಎಂದು ಕಣ್ಣು ಹೇಳಲಾರದು.

ತೂಕದ ಲೆಕ್ಕ

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲು ತೂಗಿ. 270 ಗ್ರಾಂ ಬಂತು ಅನ್ನಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ, ದಾರ ಕಟ್ಟಿದ ಕಲ್ಲನ್ನು ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 100 ತೋರಿಸಿದರೆ, 270ನ್ನು 100ರಿಂದ ಭಾಗಿಸಿ: 2.7. ಅಷ್ಟೇ ಗಾತ್ರದ ನೀರಿನ 2.7 ಪಟ್ಟು ತೂಕ ಎಂದರ್ಥ. ಬೆಣಚುಕಲ್ಲು 2.65, ಪೈರೈಟ್ 5, ಗೆಲೀನಾ 7.5, ಚಿನ್ನ 19.3. ಅಂದರೆ ಕೈಯಲ್ಲಿರುವುದು ಮಾಮೂಲಿ ಕಲ್ಲು.

ಹಾಗಂತ ಅದರಲ್ಲಿ ಚಿನ್ನವೇ ಇಲ್ಲ ಎನ್ನಲಾಗದು. ಟನ್ನಿಗೆ 4 ಗ್ರಾಂ ಚಿನ್ನವಿದ್ದರೆ ಗಣಿಯವರಿಗೆ ಅದು ಒಳ್ಳೆಯ ಅದಿರೇ. ಅಂಥ ಅದಿರಿನ ಒಂದು ಕಿಲೋದಲ್ಲಿ ಇರುವುದು 4 ಮಿಲಿಗ್ರಾಂ. ಅಷ್ಟನ್ನೂ ಒಟ್ಟು ಮಾಡಿದರೆ ಎಳ್ಳುಕಾಳಿಗಿಂತ ಚಿಕ್ಕದು! ಅದೂ ಕಲ್ಲಿನ ತುಂಬ ಚದುರಿರುತ್ತದೆ. ಹೊಳೆಯದ ಕಲ್ಲೇ ಅಸಲಿ ಅದಿರಾಗಿರುವುದು ಹೀಗೆ.

ಕುಟ್ಟಿ ಜಾಲಿಸಿ

ಚೂರೊಂದನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ನೀರು ಚಿಮುಕಿಸಿ ಕುಟ್ಟಿ. ಒಣ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಆಮೇಲೆ ಅಗಲದ ತಟ್ಟೆಯಲ್ಲಿ, ಅಕ್ಕಿ ಜಾಲಿಸಿ ಕಲ್ಲು ತೆಗೆಯುವ ಹಾಗೆ ತೊಳೆಯಿರಿ. ಹಗುರವಾದದ್ದು ಹರಿದುಹೋಗಿ ತಳದಲ್ಲಿ ಕಪ್ಪು ಮರಳು ನಿಲ್ಲುತ್ತದೆ. ಅದನ್ನು ಒಣಗಿಸಿ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಕಣಗಳು ಹೋಗುತ್ತವೆ. ಉಳಿದದ್ದರಲ್ಲಿ ಹಳದಿ ಚುಕ್ಕೆ ಕಂಡರೆ ಮತ್ತೆ ಸೂಜಿ.

ಆಸಿಡ್ ಹಾಕುವುದು, ಒಲೆಯಲ್ಲಿ ಕಾಯಿಸುವುದು ಬೇಡವೇ ಬೇಡ. ಹಟ್ಟಿಯ ಅದಿರಿನಲ್ಲಿ ಕಾಣುವ ಆರ್ಸೆನೊಪೈರೈಟ್ ಎಂಬ ಖನಿಜ ಕಾದರೆ ಆರ್ಸೆನಿಕ್ ಎಂಬ ವಿಷದ ಹೊಗೆ ಬರುತ್ತದೆ. ಸುತ್ತಿಗೆ ಏಟಿಗೆ ಬೆಳ್ಳುಳ್ಳಿ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಆಸೆ ಇನ್ನೂ ಉಳಿದಿದ್ದರೆ ಖನಿಜ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಅಲ್ಲಿ ಪುಡಿಯನ್ನು ಸೀಸದ ಆಕ್ಸೈಡ್ ಜೊತೆ ಕರಗಿಸುತ್ತಾರೆ. ಸೀಸ ಚಿನ್ನ ಬೆಳ್ಳಿಗಳನ್ನು ಎಳೆದುಕೊಂಡು ತಳಕ್ಕಿಳಿಯುತ್ತದೆ. ಆ ಸೀಸವನ್ನು ಮತ್ತೆ ಕಾಯಿಸಿ ತೆಗೆದರೆ ಉಳಿಯುವುದು ಪುಟ್ಟ ಮಣಿ, ಅದನ್ನು ತೂಗಿ ಲೆಕ್ಕ ಹೇಳುತ್ತಾರೆ. ಕಲ್ಲಿನ ಜೊತೆ ಊರು, ಹಳ್ಳ, ತಾರೀಖು ಬರೆದ ಚೀಟಿ ಇಡಿ. ‘ಎಲ್ಲಿ ಸಿಕ್ಕಿತು?’ ಎಂದೇ ಅವರು ಮೊದಲು ಕೇಳುವುದು. ಉತ್ತರ ‘ಕಪ್ಪತಗುಡ್ಡ’ ಎಂದಾಗದಿರಲಿ. ಅದೀಗ ವನ್ಯಜೀವಿ ಧಾಮ, ಅಲ್ಲಿ ಕಲ್ಲು ಒಡೆಯುವಂತಿಲ್ಲ.